ಓಣಿಗೊಂದೇ ವೈರು: ಅದರ ಮ್ಯಾಲೆ ಬ್ಯಾರೆ ಕಂಪನಿಗೂ ಜಾಗ ಸಿಗಬೇಕೋ ಬ್ಯಾಡೋ?

ಜಲನಗರದಾಕಿ, ವಿಜಯಪುರ

ನಾನು ಮನ್ಯಾಗ ಕೂತು ಅಂಗಡಿಕಾರರ ಜಿಎಸ್‌ಟಿ ರಿಟರ್ನ್ ತುಂಬೋ ಕೆಲಸ ಮಾಡ್ತೀನಿ. ತಿಂಗಳ 20ನೇ ತಾರೀಖು ಹತ್ರ ಬಂದಾಗ ನೆಟ್ ಕೈಕೊಟ್ರ ದಂಡ ಬೀಳೋದು ನನ್ನ ಗಿರಾಕಿಗಳಿಗೆ. ನಮ್ಮ ಓಣ್ಯಾಗ ಒಬ್ಬ ಕೇಬಲ್‌ದವ್ರ ವೈರು ಬಿಟ್ರ ಬ್ಯಾರೆ ವೈರೇ ಇಲ್ಲ. ಆ ವೈರಿನಾಗ ಬರೋದೂ ಒಂದೇ ಕಂಪನಿ ನೆಟ್. ಸಂಜಿ ಏಳರ ಮ್ಯಾಲೆ ಸ್ಪೀಡ್ ಬಿದ್ದು ಹೋಗ್ತದ. ಕೇಬಲ್‌ದವ್ರಿಗೆ ಫೋನ್ ಹಚ್ಚಿದ್ರ "ಮ್ಯಾಲಿಂದ ತೊಂದ್ರಿ ಅದ್ರಿ" ಅಂತಾರ. ಕಂಪನಿಗೆ ಹಚ್ಚಿದ್ರ "ನಿಮ್ಮ ಲೋಕಲ್ ಆಪರೇಟರ್‌ಗೆ ಕೇಳ್ರಿ" ಅಂತಾರ. ಬ್ಯಾರೆ ಕಂಪನಿಯವ್ರಿಗೆ ಕೇಳಿದ್ರ ನಿಮ್ಮ ಓಣಿಗೆ ನಮ್ಮ ಫೈಬರ್ ಬಂದಿಲ್ಲ, ಹತ್ತಿಪ್ಪತ್ತು ಮನಿ ಕೂಡಿದ್ರ ನೋಡೋಣ ಅಂದ್ರು.

ಮೊಬೈಲಿನಾಗ 2011ರಿಂದ ನಂಬರ್ ಅದೇ ಇಟ್ಕೊಂಡು ಕಂಪನಿ ಬದಲಿ ಮಾಡ್ಲಿಕ್ಕೆ ಬರ್ತದ. ವೈರಿನ ನೆಟ್ಟಿಗೆ ಯಾಕ ಬರಬಾರದು? ವೈರು ಅವರದೇ ಇರಲಿ, ನಾನೇನು ಬಿಟ್ಟಿ ಕೇಳ್ತಿಲ್ಲ. ಆ ವೈರಿನ ಬಾಡಿಗಿ ಅವರಿಗೆ ಮುಟ್ಟಲಿ. ಆದ್ರ ಅದರ ಮ್ಯಾಲೆ ಯಾವ ಕಂಪನಿ ನೆಟ್ ಬರಬೇಕು ಅನ್ನೋದನ್ನ ನಾ ಆರಿಸಬೇಕು.

2023ರ ಸೆಪ್ಟೆಂಬರಿನಾಗ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಕೇಬಲ್ ಟಿವಿ ನಿಯಮ ತಿದ್ದುಪಡಿ ಮಾಡಿ, ಕೇಬಲ್ ಆಪರೇಟರ್‌ಗಳು ತಮ್ಮ ಜಾಲವನ್ನ ಬ್ರಾಡ್‌ಬ್ಯಾಂಡ್ ಕಂಪನಿಗಳ ಜೊತಿ ಹಂಚ್ಕೋಬಹುದು ಅಂತ ಹೇಳ್ಯದ. "ಹಂಚ್ಕೋಬಹುದು" ಅಂತ ಅದ, "ಹಂಚ್ಕೋಬೇಕು" ಅಂತ ಇಲ್ಲ. ನಾ ಹೇಳೋದು ಕಡ್ಡಾಯ ಮಾಡ್ರಿ ಅಂತ. ನಿಮ್ಮ ಊರಾಗ ಹೆಂಗ ಅದ, ಬರೀರಿ.

ಬನಹಟ್ಟಿ ಮಗ್ಗ

ಅಕ್ಕಾರ, ನಮ್ಮಲ್ಲೂ ಇದೇ ಹಣೆಬರಹ. ಸೀರಿ ಫೋಟೋ, ವಿಡಿಯೋ ಎಲ್ಲಾ ವಾಟ್ಸಾಪಿನಾಗ ಕಳಸಬೇಕು, ಸೊಲ್ಲಾಪುರ, ಪುಣೆ ಪಾರ್ಟಿ ಅಲ್ಲೇ ನೋಡಿ ಆರ್ಡರ್ ಕೊಡ್ತಾವ. ಡೌನ್‌ಲೋಡ್ ಚಲೋ ಬರ್ತೈತಿ, ಅಪ್‌ಲೋಡಿಗೆ ಜೀವಾ ಹೋಗ್ತೈತಿ. ಕಂಪನಿ ಯಾವುದರ ಇರಲ್ರಿ, ತಕರಾರು ಹೇಳಿದ ದಿನಾನ ಬಂದು ನೋಡೋರು ಬೇಕು.

ಜಮಖಂಡಿ ಕೇಬಲ್

ನಾ ಕೇಬಲ್ ಆಪರೇಟರ್. ಡಿಶ್ ಹಾಕಿ ನಾಕು ಚಾನಲ್ ತೋರಸೋ ಕಾಲದಿಂದ ಈ ಧಂದೆದಾಗ ಅದೀನಿ. ಅಕ್ಕಾರ ಬರದದ್ದು ಓದಿದೆ, ಅವರ ಸಿಟ್ಟು ನ್ಯಾಯದ್ದೈತಿ. ಆದ್ರ ಈ ಕಡಿ ಮಾತೂ ಕೇಳ್ರಿ.

ಆ ವೈರು ಸರಕಾರ ಹಾಕಿದ್ದಲ್ಲ. ಬ್ಯಾಂಕೂ ಕೊಟ್ಟಿದ್ದಿಲ್ಲ. ಮನಿ ಬಂಗಾರ ಅಡಾ ಇಟ್ಟು ಕೋಆಕ್ಸಿಯಲ್, ಅಂದ್ರ ಟಿವಿ ಚಾನಲ್ ಬರೋ ಹಳೇ ಥರದ ಕೇಬಲ್ ಎಳದೆ. ಕೇಬಲ್ ಟಿವಿ ಡಿಜಿಟಲ್ ಮಾಡೋದು ಕಡ್ಡಾಯ ಆದಾಗ, ಅಂದ್ರ ನಾಕನೇ ಹಂತ 2017ರ ಮಾರ್ಚಿಗೆ ಮುಗಿಯೋ ಹೊತ್ತಿಗೆ, ಮನಿಮನಿಗೆ ಸೆಟ್‌ಟಾಪ್ ಬಾಕ್ಸ್ ಹಾಕೋದಾತು. ಆಮ್ಯಾಲೆ ಜನ ನೆಟ್ ಕೇಳಿದ್ರು, ಮತ್ತ ಸಾಲಾ ಮಾಡಿ ಫೈಬರ್ ಎಳದೆ. ಗಟಾರ ಕೆಲಸಕ್ಕ ಜೆಸಿಬಿ ಬಂತಂದ್ರ ಲೈನ್ ಕಟ್. ತುಂಡಾದ ಫೈಬರ್ ಜೋಡಿಸೋ ಸ್ಪ್ಲೈಸಿಂಗ್ ಮಷಿನ್ ಹೊತ್ಕೊಂಡು ರಾತ್ರಿ ಮಳ್ಯಾಗ ಕಂಬಾ ಏರೋರು ನನ್ನ ಹುಡುಗ್ರು. ಕಂಪನಿಯವ್ರಲ್ಲ.

ಈಗ "ಎಲ್ಲಾರಿಗೂ ತಗೀ", ಅಂದ್ರ ಬಾಗಲಾ ತಗದಂಗ ವೈರು ಎಲ್ಲಾ ಕಂಪನಿಗೂ ಬಿಡು ಅಂದ್ರ ಏನಾಕೈತಿ ಗೊತ್ತೇನ್ರಿ? ದೊಡ್ಡ ಕಂಪನಿ ಬರ್ತೈತಿ, ನನ್ನ ವೈರಿನ ಮ್ಯಾಲೆ ಆರು ತಿಂಗಳ ಲುಕ್ಸಾನದಾಗ ಮಾರ್ತೈತಿ. ಗಿರಾಕಿ ಎಲ್ಲಾ ಅವರ ಕಡಿ ಹೋದ ಮ್ಯಾಲೆ ತನ್ನದೇ ಫೈಬರ್ ಎಳ್ಕೊಂಡು ನನ್ನ ವೈರು ಬಿಟ್ಟು ಹೋಗ್ತೈತಿ. ನನ್ನ ಓಣ್ಯಾಗ ಯಾವ ಮನಿಯವ್ರು ಎಷ್ಟು ರೊಕ್ಕಾ ಕೊಡ್ತಾರ, ಯಾರು ವೇಳ್ಯಾಕ್ಕ ಕೊಡ್ತಾರ ಅನ್ನೋದು ಪುಕ್ಕಟ ಅವರ ಕೈಗೆ ಸಿಕ್ಕಂಗಾತು. ಅಲ್ಲಿಗೆ ನನ್ನ ಹುಡುಗ್ರ ಕೆಲಸಾನೂ ಮುಗೀತು.

ಗೋಕಾಕದ ನೆಟ್‌ವರ್ಕ್ ಎಂಜಿನಿಯರ್, ಸದ್ಯ ಬೆಂಗಳೂರಾಗ

ಕಾಕಾರ ಹೆದರಿಕಿ ಖರೇ ಐತಿ, ಅದಕ್ಕ ಆಮ್ಯಾಲೆ ಬರ್ತೀನಿ. ಮೊದಲ "ವೈರು ತಗಿಯೋದು" ಅಂದ್ರ ಏನು ಅಂತ ನೋಡೋಣ. ಇದರಾಗ ಎರಡು ಥರಾ ಐತಿ, ಇಬ್ಬರೂ ಬ್ಯಾರೆ ಬ್ಯಾರೆ ಥರಾ ಮನಸಿನ್ಯಾಗ ಇಟ್ಕೊಂಡು ಮಾತಾಡ್ಲಿಕತ್ತೀರಿ.

ಒಂದನೇ ಥರಾ, ವೈರನ್ನೇ ಬ್ಯಾರೆ ಕಂಪನಿ ಕೈಗೆ ಕೊಡೋದು. ಟೆಲಿಫೋನಿನ ತಾಮ್ರದ ತಂತಿ ಒಂದೊಂದು ಮನಿಗೆ ಒಂದೊಂದು ಜೋಡಿ ಇರ್ತಿತ್ತು. ಎಕ್ಸ್‌ಚೇಂಜಿನಾಗ ಆ ಜೋಡಿ ಕಳಚಿ ಬ್ಯಾರೆ ಕಂಪನಿಯವರ ಮಷಿನ್ನಿಗೆ ಜೋಡಿಸಿದ್ರ ಮುಗೀತು. ಕೇಬಲ್‌ದಾಗ ಹಂಗಿಲ್ಲ. ಕೋಆಕ್ಸಿಯಲ್ ಇರಲಿ, ಫೈಬರ್ ಇರಲಿ, ಮನಿ ತನಕಾ ಹೋಗೋ ದಾರಿ ಹಂಚಿಕಿ ದಾರಿ. ಜಿ-ಪಾನ್ ಅನ್ನೋ ಪದ್ಧತಿಯ ಫೈಬರಿನಾಗ, ಆಪರೇಟರ್ ಕಡಿ ಇರೋ ಓಎಲ್‌ಟಿ ಅನ್ನೋ ಮಷಿನ್ನಿನ ಒಂದು ಪೋರ್ಟಿಗೆ ಇಳಿಯೋದು (ಡೌನ್‌ಲೋಡ್) ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಏರೋದು (ಅಪ್‌ಲೋಡ್) 1.25 ಗಿಗಾಬಿಟ್. ಅದನ್ನ ಸ್ಪ್ಲಿಟ್ಟರ್ ಅನ್ನೋ ಕವಲು ಹಾಕಿ 32 ಇಲ್ಲಾ 64 ಮನಿಗೆ ಹಂಚಿರ್ತಾರ. ಹಳೇ ಕೋಆಕ್ಸಿಯಲ್ ಆದ್ರ ಅಪ್‌ಲೋಡಿಗೆ ಬಿಟ್ಟ ಫ್ರೀಕ್ವೆನ್ಸಿ ಭಾಳ ಸಣ್ಣದು, ಇಡೀ ಓಣಿಗೆ ಅಷ್ಟರಾಗೇ ಆಗಬೇಕು. ಬನಹಟ್ಟಿಯವರ ಅಪ್‌ಲೋಡ್ ತೊಂದ್ರಿಗೆ ಬಹುಶಃ ಇದೇ ಕಾರಣ.

ಹಿಂಗಾಗಿ ಒಂದು ಮನಿ ವೈರು ಕಿತ್ತು ಇನ್ನೊಂದು ಕಂಪನಿಗೆ ಕೊಡಾಕ ಬರೂದಿಲ್ಲ. ಬರೋದು ಎರಡನೇ ಥರಾ. ವೈರು, ಓಎಲ್‌ಟಿ ಎಲ್ಲಾ ಕಾಕಾರ ಕೈಯಾಗೇ ಇರ್ತಾವ. ಒಂದೊಂದು ಕಂಪನಿ ಗಿರಾಕಿಗೆ ಒಂದೊಂದು ವಿ-ಲ್ಯಾನ್, ಅಂದ್ರ ಅದೇ ವೈರಿನಾಗ ಬ್ಯಾರೆ ಬ್ಯಾರೆ ದಾರಿ ಮಾಡಿ, ಆ ಡೇಟಾ ಆಯಾ ಕಂಪನಿಗೆ ಒಪ್ಪಿಸೋದು. ಲಾಗಿನ್, ಬಿಲ್, ಇಂಟರ್ನೆಟ್ ಬ್ಯಾಂಡ್‌ವಿಡ್ತ್ (ಒಮ್ಮೆಗೆ ಎಷ್ಟು ಡೇಟಾ ಹರೀತೈತಿ ಅನ್ನೋದು) ಕಂಪನಿ ಕೆಲಸ. ಓಣಿ ಲೈನ್ ಕಾಕಾರ ಕೆಲಸ. ಮಷಿನ್ ಪ್ರಕಾರ ಇದೇನು ದೊಡ್ಡ ಕಷ್ಟ ಅಲ್ಲ.

ಕಷ್ಟ ಇರೋದು ಅಕ್ಕಾರ ಹೇಳಿದ ಸಂಜಿ ಏಳು ಗಂಟೆದಾಗ. ಓಣಿ ಪೋರ್ಟ್ ತುಂಬಿ ಸ್ಪೀಡ್ ಬಿದ್ದದ್ದಾದ್ರ ಹತ್ತು ಕಂಪನಿ ಬಂದ್ರೂ ಹತ್ತೂ ಅಷ್ಟೇ ನಿಧಾನ. ಓಣಿ ಖಾಲಿ ಐತಿ, ಮ್ಯಾಲಿಂದ ಕೊಳ್ಳೋ ಬ್ಯಾಂಡ್‌ವಿಡ್ತ್ ಕಡಿಮಿ ಐತಿ ಅಂದ್ರ ಕಂಪನಿ ಬದಲಿ ಮಾಡಿದ ಗಳಿಗ್ಯಾಗ ಸುಧಾರಿಸ್ತೈತಿ. ಎಲ್ಲಿ ಕಟ್ಟಿಕೊಂಡೈತಿ ಅಂತ ಗಿರಾಕಿಗೆ ತೋರಿಸೋ ಅಳತಿ ಇಲ್ಲದ ಬರೇ ಕಂಪನಿ ಹೆಚ್ಚಿಸಿದ್ರ ಒಬ್ಬರ ಮ್ಯಾಲೆ ಒಬ್ಬರು ಹಾಕೋ ಆಟ ಹಂಗೇ ನಡೀತೈತಿ.

ಉದ್ಯಮಬಾಗದಾಂವ, ಬೆಳಗಾವಿ

ನಂದು ಸಣ್ಣ ಫೌಂಡ್ರಿ. ಓಪನ್ ಆಕ್ಸೆಸ್, ಅಂದ್ರ ಒಬ್ಬರ ತಂತಿ ಮ್ಯಾಲೆ ಬ್ಯಾರೆಯವ್ರಿಗೂ ಜಾಗ ಕೊಡೋದು, ನಮಗ ಹೊಸಾದಲ್ಲ, ಕರೆಂಟಿನಾಗ ನೋಡೀವಿ.

2003ರ ವಿದ್ಯುತ್ ಕಾಯ್ದೆ 42ನೇ ಕಲಮಿನ ಪ್ರಕಾರ ತಂತಿ ಹೆಸ್ಕಾಂದೇ ಇದ್ರೂ 1 ಮೆಗಾವ್ಯಾಟಿಗಿಂತ ಹೆಚ್ಚಿನ ಗಿರಾಕಿ ಬ್ಯಾರೆ ಕಡಿಂದ ಕರೆಂಟ್ ಕೊಳ್ಳಬಹುದು. ಹಸಿರು ವಿದ್ಯುತ್ತಿಗೆ 2022ರಾಗ ಆ ಮಿತಿ 100 ಕಿಲೋವ್ಯಾಟಿಗೆ ಇಳೀತು. ಮುಧೋಳ, ಜಮಖಂಡಿ, ಅಥಣಿ ಕಡಿ ಸಕ್ಕರಿ ಕಾರ್ಖಾನ್ಯಾಗ ಕಬ್ಬಿನ ಸಿಪ್ಪಿ ಸುಟ್ಟು ಕರೆಂಟ್ ಮಾಡ್ತಾರಲ್ಲ, ಆ ಕರೆಂಟೂ ಅವರು ಸ್ವಂತ ಕಂಬಾ ನೆಟ್ಟು ಊರೂರಿಗೆ ಒಯ್ಯೂದಿಲ್ಲ, ಇದ್ದ ತಂತಿ ಮ್ಯಾಲೇ ಹೋಗ್ತೈತಿ. ತಂತಿ ಬಾಡಿಗಿಗೆ ವೀಲಿಂಗ್ ಚಾರ್ಜ್ ಅಂತ ಐತಿ. ಅದನ್ನ ಠರಾವ್ ಮಾಡೋದು ಹೆಸ್ಕಾಂ ಅಲ್ಲ, ಕಾರ್ಖಾನಿನೂ ಅಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಸಾರ್ವಜನಿಕ ವಿಚಾರಣಾ ಮಾಡಿ, ಲೆಕ್ಕಾ ತಗದು. ಆ ವಿಚಾರಣಾಕ್ಕ ಉದ್ದಿಮೆದಾರ ಸಂಘದವ್ರೂ ಹೋಗ್ತಾರ, ರೈತರೂ ಹೋಗ್ತಾರ, ಆಕ್ಷೇಪಣಾ ಕೊಡ್ತಾರ.

ಅದರಾಗ ಪೂರ್ತಿ ಸುಖಾ ಐತಿ ಅಂತಲ್ಲ. ಅಗ್ಗದ ದರದ ಗಿರಾಕಿಗಳ ಹೊರಿ ತುಂಬಾಕ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಅಂತ ಇನ್ನೊಂದು ಕೂಡಿಸಿದ ಮ್ಯಾಲೆ ನಮ್ಮಂಥ ಸಣ್ಣವ್ರಿಗೆ ಲೆಕ್ಕಾ ಕೂಡೂದಿಲ್ಲ. ಕಾಯ್ದೆ ಪ್ರಕಾರ ಬಾಗಲಾ ತಗದೈತಿ, ಖರ್ಚಿನ ಪ್ರಕಾರ ಮುಚ್ಚೈತಿ. ಅದಕ್ಕ ಜಲನಗರದ ಅಕ್ಕಾರಿಗೆ ನನ್ನ ಮಾತು: ಕಡ್ಡಾಯ ಅನ್ನೋ ಶಬ್ದಕ್ಕಿಂತ ಬಾಡಿಗಿ ಯಾರು ಠರಾವ್ ಮಾಡ್ತಾರ, ಯಾವ ಲೆಕ್ಕದ ಮ್ಯಾಲೆ ಅನ್ನೋದನ್ನ ಹಿಡೀರಿ. ವೈರಿನವನಿಗೇ ಬಿಟ್ರ ಬಾಡಿಗಿ ಆಕಾಶಕ್ಕ ಹೋಗ್ತೈತಿ. ಬರೋ ಕಂಪನಿಗೆ ಬಿಟ್ರ ಜಮಖಂಡಿಯವ್ರು ಹೇಳಿದಂಗ ಆಗ್ತೈತಿ.

ಕಾನೂನು ಓದಾಕಿ, ಬೆಳಗಾವಿ

ಈ ಜಗಳ ಅಮೆರಿಕದಲ್ಲಿ ಇಪ್ಪತ್ತೈದು ವರ್ಷದ ಹಿಂದೆಯೇ ಕೋರ್ಟ್ ಮೆಟ್ಟಿಲು ಹತ್ತಿತ್ತು. 1998ರ ಕೊನೆಯಲ್ಲಿ ಎಟಿ ಆ್ಯಂಡ್ ಟಿ ಎಂಬ ಟೆಲಿಫೋನ್ ಕಂಪನಿ ಟಿಸಿಐ ಎಂಬ ಕೇಬಲ್ ಕಂಪನಿಯನ್ನು ಕೊಳ್ಳಲು ಹೊರಟಾಗ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರ ಒಂದು ಷರತ್ತು ಹಾಕಿತು: ಕೇಬಲ್ ಪರವಾನಗಿ ವರ್ಗಾವಣೆ ಬೇಕಾದರೆ ಬೇರೆ ಇಂಟರ್ನೆಟ್ ಕಂಪನಿಗಳಿಗೂ ಜಾಲದಲ್ಲಿ ಜಾಗ ಕೊಡಬೇಕು. ಕಂಪನಿ ಕೋರ್ಟಿಗೆ ಹೋಯಿತು. 2000ನೇ ಇಸವಿಯಲ್ಲಿ ಮೇಲ್ಮನವಿ ನ್ಯಾಯಾಲಯ, ಕೇಬಲ್ ಮೇಲಿನ ಇಂಟರ್ನೆಟ್ಟು ಟಿವಿಯಂಥ ಕೇಬಲ್ ಸೇವೆಯಲ್ಲ, ಅದರಲ್ಲಿ ದೂರಸಂಪರ್ಕ ಸೇವೆಯಿದೆ, ಆದ್ದರಿಂದ ಕೇಬಲ್ ಪರವಾನಗಿಯ ನೆಪದಲ್ಲಿ ನಗರಸಭೆ ಷರತ್ತು ಹಾಕುವಂತಿಲ್ಲ ಎಂದಿತು. ನಗರ ಸೋತಿತು. ಆದರೆ ಆ ತೀರ್ಪಿನೊಳಗೇ ಇನ್ನೊಂದು ಬಾಗಿಲು ತೆರೆದಿತ್ತು, ಯಾಕೆಂದರೆ ದೂರಸಂಪರ್ಕ ಸೇವೆ ಎಂದಾದರೆ ಎಲ್ಲರಿಗೂ ಸಮಾನವಾಗಿ ಕೊಡುವ ಬಾಧ್ಯತೆ ಬರುತ್ತದೆ.

ಆ ಬಾಗಿಲನ್ನು 2002ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಮುಚ್ಚಿತು. ಕೇಬಲ್ ಇಂಟರ್ನೆಟ್ಟು ದೂರಸಂಪರ್ಕ ಸೇವೆಯಲ್ಲ, ಮಾಹಿತಿ ಸೇವೆ ಎಂದು ಘೋಷಿಸಿತು. ಬ್ರ್ಯಾಂಡ್ ಎಕ್ಸ್ ಎಂಬ ಕ್ಯಾಲಿಫೋರ್ನಿಯಾದ ಸಣ್ಣ ಕಂಪನಿ ಅದನ್ನು ಪ್ರಶ್ನಿಸಿತು. ಕೆಳಗೆ ಗೆದ್ದಿತು, 2005ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ 6-3ರಿಂದ ಸೋತಿತು. ಹಾಗಾಗಿ ಅಲ್ಲಿ ಕೇಬಲ್ ವೈರು ಇವತ್ತಿಗೂ ಅದರ ಮಾಲೀಕರ ವೈರೇ.

ನಮ್ಮ ದೇಶಕ್ಕೆ ಬನ್ನಿ. 2004ರಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್, ಸರ್ಕಾರಿ ಟೆಲಿಫೋನ್ ಕಂಪನಿಗಳ ತಾಮ್ರದ ತಂತಿಯನ್ನು ಬೇರೆಯವರಿಗೂ ಬಿಟ್ಟುಕೊಡಿಸಿ ಎಂದು ಶಿಫಾರಸು ಮಾಡಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ, ಪರಸ್ಪರ ಮಾತಾಡಿಕೊಂಡು ಒಪ್ಪಂದ ಮಾಡಿಕೊಳ್ಳಿ ಎಂದು ಬಿಟ್ಟಿತು. ಜಲನಗರದ ಅಕ್ಕ ಹೇಳಿದ 2023ರ ಕೇಬಲ್ ನಿಯಮವೂ ಅದೇ ಧಾಟಿಯದು. ಮನಸ್ಸಿದ್ದರೆ ಹಂಚಿಕೊಳ್ಳಿ ಅನ್ನುವುದನ್ನು ಹಕ್ಕು ಅಂತ ನಾನು ಕರೆಯಲಾರೆ. ಬೇಡಿದವನಿಗೆ ಕೊಡದಿದ್ದರೆ ಯಾರ ಹತ್ತಿರ ಹೋಗಬೇಕು ಎಂದು ಬರೆದಿರದ ಅವಕಾಶ ಅದು.

ತಿಳಕವಾಡಿ ನಿವಾಸಿ

ಇಷ್ಟೆಲ್ಲ ಯಾಕ್ರಿ? 2023ರಿಂದ 5ಜಿ ಮ್ಯಾಲೆ ಮನಿಗೆ ನೆಟ್ ಕೊಡಾಕ ಎರಡು ದೊಡ್ಡ ಕಂಪನಿ ಶುರು ಮಾಡ್ಯಾವ. ಮನಿ ಮ್ಯಾಲೆ ಒಂದು ಡಬ್ಬಿ, ಮುಗೀತು. ವೈರಿನ ಜಗಳಾನೇ ಬ್ಯಾಡ.

ಗೋಕಾಕದ ನೆಟ್‌ವರ್ಕ್ ಎಂಜಿನಿಯರ್

ಮುಗಿಯೂದಿಲ್ರಿ ಸರ. ಆ ಡಬ್ಬಿನೂ ಓಣಿ ಮೊಬೈಲುಗಳೂ ಒಂದೇ ಟವರಿನ ಗಾಳಿ ಹಂಚ್ಕೋತಾವ. ಮನಿಮನಿಗೆ ಹಾಕಿದ್ರ ಸಂಜಿ ತೊಂದ್ರಿ ಅಲ್ಲೂ ಬರ್ತೈತಿ. ಇನ್ನೊಂದು, ಗಾಳಿ ಮ್ಯಾಲೆ ನೆಟ್ ಕೊಡೋರು ಯಾರು, ಫೈಬರ್ ಮ್ಯಾಲೆ ಹೆಚ್ಚು ಗಿರಾಕಿ ಇರೋರು ಯಾರು? ಅದೇ ಎರಡು ಕಂಪನಿ. ದೇಶದಾಗ ವೈರಿನ ಬ್ರಾಡ್‌ಬ್ಯಾಂಡ್ ಗಿರಾಕಿ 4 ಕೋಟಿ ಮ್ಯಾಲೆ ಅದಾರ, ಅವರಾಗ ಅರ್ಧಕ್ಕಿಂತ ಹೆಚ್ಚು ಅವೆರಡರ ಕಡೀನ ಅದಾರ. ಆಯ್ಕೆ ಎರಡಕ್ಕ ನಿಲ್ತೈತಿ.

ಕಾನೂನು ಓದೋ ತಂಗಿ ಅಮೆರಿಕದ್ದು ಹೇಳಿದ್ರು. ಕೆನಡಾದ್ದು ನಮಗ ಹೆಚ್ಚು ಪಾಠ ಅಂತ ನನಗ ಅನಸ್ತೈತಿ. ಅಲ್ಲಿ 1990ರ ದಶಕದ ಕೊನಿಗೇ ನಿಯಂತ್ರಕರು ಕೇಬಲ್ ಕಂಪನಿಗಳಿಗೆ ಬ್ಯಾರೆಯವ್ರಿಗೂ ಜಾಗ ಕೊಡ್ರಿ ಅಂದ್ರು. ಸಣ್ಣ ಕಂಪನಿಗಳು ಹುಟ್ಟಿದ್ವು, ಕಡಿಮಿ ದರಕ್ಕ ನೆಟ್ ಕೊಟ್ವು, ಲಕ್ಷಗಟ್ಟಲೆ ಮನಿ ಅವರ ಕಡಿ ಹೋದ್ವು. ಎಲ್ಲಾ ನಿಂತಿದ್ದು ಸಗಟು ದರ, ಅಂದ್ರ ಸಣ್ಣ ಕಂಪನಿ ವೈರಿನವ್ರಿಗೆ ಕೊಡೋ ಬಾಡಿಗಿ ಮ್ಯಾಲೆ. 2019ರ ಆಗಸ್ಟಿನಾಗ ನಿಯಂತ್ರಕರು ಆ ದರಾ ಜೋರಾಗಿ ಇಳಿಸಿದ್ರು. ಕೇಬಲ್ ಕಂಪನಿಗಳು ಕೋರ್ಟು, ಮಂತ್ರಿಮಂಡಲ ಎಲ್ಲಾ ಕಡಿ ಹೋದ್ವು. 2021ರ ಮೇದಾಗ ಅದೇ ನಿಯಂತ್ರಕರು ಹಳೇ ದರಕ್ಕ ವಾಪಸ್ ಹೋದ್ರು. ಮರುವರ್ಷ 2022ರಾಗ ಇಬಾಕ್ಸ್, ಡಿಸ್ಟ್ರಿಬ್ಯೂಟೆಲ್ ಅನ್ನೋ ಎರಡು ಸಣ್ಣ ಕಂಪನಿ ಬೆಲ್ ಅನ್ನೋ ದೊಡ್ಡ ಕಂಪನಿ ಪಾಲಾದ್ವು. ವೈರು ತಗದೇ ಇತ್ತು, ಯಾರೂ ಮುಚ್ಚಿರಲಿಲ್ಲ. ದರದ ಮ್ಯಾಲೆ ನಂಬಿಕಿ ಇರಲಿಲ್ಲ, ಅಷ್ಟಾ.

ಬೆಲ್ಜಿಯಂದಾಗ ಬ್ಯಾರೆ ಥರಾ ಆತು. 2011ರಾಗ ನಿಯಂತ್ರಕರು ಕೇಬಲ್ ತಗೀಬೇಕು ಅಂದ್ರು. ತಕರಾರು, ಕೋರ್ಟು, ತಯಾರಿ ಎಲ್ಲಾ ಮುಗದು ಮೊಬಿಸ್ಟಾರ್ ಅನ್ನೋ ಮೊಬೈಲ್ ಕಂಪನಿ ಆ ಕೇಬಲ್ ಮ್ಯಾಲೆ ಮಾರಾಕ ಶುರು ಮಾಡಿದ್ದು 2016ರಾಗ. ಅದೇ ಕಂಪನಿ ಆರೆಂಜ್ ಅಂತ ಹೆಸರು ಬದಲಿಸ್ಕೊಂಡು 2023ರಾಗ ವೂ ಅನ್ನೋ ಕೇಬಲ್ ಕಂಪನಿಯ ಬಹುಪಾಲು ಷೇರೇ ಕೊಂಡಿತು. ಜಮಖಂಡಿ ಕಾಕಾರು "ಗಿರಾಕಿ ಮಾಡ್ಕೊಂಡ ಮ್ಯಾಲೆ ನನ್ನ ಕಥಿ ಮುಗೀತು" ಅಂದದ್ದು ಸುಮ್ಮನ ಹೆದರಿಕಿ ಅಲ್ಲ ಅನ್ನಾಕ ಇದನ್ನ ಹೇಳಿದೆ. ಹಂಗಂತ ತಗೀಬಾರದು ಅಂತಲೂ ಅಲ್ಲ, ಅಲ್ಲಿ ಗಿರಾಕಿಗೆ ಮೂರನೇ ಆಯ್ಕೆ ಸಿಕ್ಕಿದ್ದು ಖರೇ.

ಇಂಡಿ ತಾಲೂಕಿನಾಂವ

ಪ್ಯಾಟಿಯವ್ರ ಜಗಳ ಓದಿ ನಮ್ಮ ಹಳ್ಳಿ ಮಾತು ಹೇಳಬೇಕನಸ್ತು. ಹಳ್ಳಿ ಪಂಚಾಯತಿಗಳಿಗೆ ಫೈಬರ್ ಎಳಿಯೋ ಕೇಂದ್ರದ ಯೋಜನಾ, ಭಾರತ್‌ನೆಟ್, ಅದರ ಫೈಬರ್ ನಮ್ಮ ಪಂಚಾಯತಿ ತನಕ ಬಂದದ. 2011ರಾಗ ಆ ಯೋಜನಾಕ್ಕ ಒಪ್ಪಿಗಿ ಸಿಕ್ಕಾಗಿಂದ ಅದರ ನಿಯಮಾನೇ ಹಂಗದ: ಯಾವ ಕಂಪನಿ ಬಂದು ಕೇಳಿದ್ರೂ ಭೇದ ಇಲ್ಲದ ಕೊಡಬೇಕು. ಅಂದ್ರ ನೀವು ಕೇಳೋ "ತಗದ ವೈರು" ನಮ್ಮೂರಾಗ ಆಗ್ಲೇ ಅದ. ಆದ್ರ ಪಂಚಾಯತಿ ಗ್ವಾಡಿಯಿಂದ ಮನಿಮನಿಗೆ ಎಳಿಯೋರು ಯಾರೂ ಬಂದಿಲ್ಲ. ಮನಿ ದೂರ ದೂರ, ಹೊಲದಾಗಿನ ವಸ್ತಿ ಬ್ಯಾರೆ. ಎಳದ್ರ ಖರ್ಚು ಹುಟ್ಟೂದಿಲ್ಲ ಅಂತಾರ. ಕೊನಿಗೆ ಬರೋದಿದ್ರ ಪಕ್ಕದ ಊರಿನ ಕೇಬಲ್ ಹುಡುಗನೇ ಬರಬೇಕು. ಕಾಕಾನಂಥವ್ರು ಧಂದೆ ಬಿಟ್ರ ನಮಗ ತಗದ ವೈರೂ ಇಲ್ಲ, ಮುಚ್ಚಿದ ವೈರೂ ಇಲ್ಲ.

ನವನಗರ ನಿವೃತ್ತ, ಬಾಗಲಕೋಟೆ

ಇಲಾಖೆಯಲ್ಲಿ ರಸ್ತೆ, ಚರಂಡಿ ಕೆಲಸ ಮಾಡಿಸಿ ನಿವೃತ್ತನಾದವನು ನಾನು. ಎಲ್ಲರೂ ಗಾಜಿನ ಎಳೆ, ಅಂದರೆ ಫೈಬರ್, ಯಾರದು ಅಂತ ಮಾತಾಡ್ತಾ ಇದ್ದೀರಿ. ಎಳೆ ಅಗ್ಗ. ದುಬಾರಿ ಇರೋದು ಅಗೆಯೋದು, ಮುಚ್ಚೋದು, ಪರವಾನಗಿ. ಅಲ್ಲಿಂದ ಹಿಡಿಯಿರಿ.

ಸ್ವೀಡನ್ನಿನ ಸ್ಟಾಕ್‌ಹೋಮ್ ನಗರ 1994ರಲ್ಲಿ ಸ್ಟೋಕಾಬ್ ಅಂತ ನಗರದ್ದೇ ಕಂಪನಿ ಮಾಡಿತು. ಅದು ನೆಲದಡಿ ನಳಿಗೆ ಹಾಕಿ, ಖಾಲಿ ಫೈಬರ್ ಎಳೆದು, ಬಂದವರಿಗೆಲ್ಲ ಒಂದೇ ದರದ ಪಟ್ಟಿಯ ಮೇಲೆ ಬಾಡಿಗೆಗೆ ಕೊಡ್ತದೆ. ತಾನು ಯಾರ ಮನೆಗೂ ಇಂಟರ್ನೆಟ್ ಮಾರೋದಿಲ್ಲ. ಮಾರದೆ ಇರೋದರಿಂದ ಯಾರ ಮೇಲೂ ಅದಕ್ಕೆ ಪೈಪೋಟಿ ಇಲ್ಲ, ಯಾರನ್ನೂ ತಡೆಯೋ ಆಸೆಯೂ ಇಲ್ಲ.

ನಮ್ಮ ನವನಗರ ನೋಡಿ. ಆಲಮಟ್ಟಿ ಹಿನ್ನೀರಿನಿಂದ ಎದ್ದು ಬಂದವರಿಗಾಗಿ ಸರ್ಕಾರವೇ ಸೆಕ್ಟರ್ ಸೆಕ್ಟರ್ ಮಾಡಿ ಕಟ್ಟಿದ ಊರು. ರಸ್ತೆ, ನೀರು, ಒಳಚರಂಡಿ ಎಲ್ಲ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ನಕ್ಷೆಯ ಪ್ರಕಾರ ಬಂದದ್ದು. ಈಗ ಆಣೆಕಟ್ಟಿನ ಮಟ್ಟ 519.6 ಮೀಟರ್‌ನಿಂದ 524.256ಕ್ಕೆ ಏರಿಸೋ ಕೆಲಸ ಬಂದರೆ ಇನ್ನಷ್ಟು ಕುಟುಂಬ ಎದ್ದು ಬರಬೇಕು, ಅವರಿಗೆ ಹೊಸ ಬಡಾವಣೆ ಬೇಕು. ಆ ರಸ್ತೆ ಮಾಡುವಾಗಲೇ ಬದಿಯಲ್ಲಿ ಡಕ್ಟ್, ಅಂದರೆ ವೈರು ಹೋಗೋ ನಳಿಗೆ, ಹಾಕಿಬಿಟ್ಟರೆ ಮುಂದೆ ಯಾವ ಕಂಪನಿಯೂ ಅಗೆಯೋದು ಬೇಡ. ಜಮಖಂಡಿಯವರಂಥ ಆಪರೇಟರ್ ಕೂಡ ಬಾಡಿಗೆ ಕಟ್ಟಿ ಅದರಲ್ಲೇ ಎಳೀಬಹುದು, ಜೆಸಿಬಿಗೆ ಹೆದರೋದು ತಪ್ತದೆ.

2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂಲಸೌಕರ್ಯ ಯೋಜನೆಗಳ ಜೊತೆ ಇಂಥ ಸಾಮಾನ್ಯ ಡಕ್ಟ್ ಹಾಕಿಸೋದಕ್ಕೂ, ಅದು ಎಲ್ಲರಿಗೂ ಮುಕ್ತವಾಗಿ ಸಿಗೋದಕ್ಕೂ ಅವಕಾಶ ಇಟ್ಟಿದ್ದಾರೆ. 2025ರ ಜನವರಿ 1ರಿಂದ ವೈರು ಎಳೆಯೋದಕ್ಕೆ ಜಾಗ ಕೊಡುವ ಮಾರ್ಗಹಕ್ಕಿನ ಹೊಸ ನಿಯಮಗಳು ಜಾರಿಗೆ ಬಂದಿವೆ. ಕಾಗದ ಸಿದ್ಧ ಇದೆ, ಕೇಳೋರು ಬೇಕು. ಬೆಳಗಾವಿ 2016ರಲ್ಲೇ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳಲ್ಲಿ ಸೇರಿತ್ತು, ರಸ್ತೆ ಮಾಡಿದರು. ಅಲ್ಲಿ ಎಲ್ಲೆಲ್ಲಿ ಡಕ್ಟ್ ಇದೆಯೋ ಅದು ಯಾವ ದರಕ್ಕೆ ಯಾರಿಗೆ ಸಿಗ್ತದೆ ಅನ್ನೋ ಪಟ್ಟಿಯನ್ನು ಪಾಲಿಕೆ ಗೋಡೆಗೆ ಹಚ್ಚಬೇಕು.

ಸಾರ್ವಜನಿಕರ ದುಡ್ಡು ಬಿದ್ದ ಜಾಗದಿಂದ ತೆರೆಯೋದು ಶುರು ಆಗಲಿ. ಸಾಲ ಮಾಡಿ ವೈರು ಎಳೆದವರ ಬಾಗಿಲಿಗೆ ಮೊದಲು ಹೋಗೋದು ನ್ಯಾಯ ಅಲ್ಲ.

ಜಲನಗರದಾಕಿ

ಸರ, ನೀವು ಹೇಳೋದು ಹೊಸ ಬಡಾವಣಿಗೆ ಸರಿ. ನಮ್ಮ ವಿಜಯಪುರದ ಕ್ವಾಟಿ ಒಳಗಿನ ಓಣಿಗಳಿಗೆ ಯಾವಾಗ ಡಕ್ಟ್ ಬರಬೇಕ್ರಿ? ಹೆಜ್ಜಿಗೊಂದು ಸ್ಮಾರಕ ಅದ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಅಂತ ಕಾಯ್ದೆ ಅದ. ಅಲ್ಲಿ ನಾಕು ಕಂಪನಿ ನಾಕು ಸಲ ಅಗಿಯೋದು ಆಗೋ ಮಾತಲ್ಲ, ಆಗಲೂಬಾರದು. ಅಂಥಲ್ಲಿ ಕಂಬದ ಮ್ಯಾಲೆ ತೂಗೋ ಆ ಒಂದು ವೈರೇ ಗತಿ. ಗತಿ ಒಂದೇ ಇದ್ದಾಗ ಅದು ಖಾಸಗಿದು ಅಂತ ಸುಮ್ಮನ ಇರಲಿಕ್ಕೆ ನನ್ನಿಂದ ಆಗೂದಿಲ್ಲ. ಆ ಕಂಬಾನೂ ಸಾರ್ವಜನಿಕರದೇ ಅಲ್ಲೇನು?

ಜಮಖಂಡಿ ಅಣ್ಣಾರ, ನಿಮಗ ಒಂದು ನೇರ ಪ್ರಶ್ನೆ. ಬಾಡಿಗಿ ನ್ಯಾಯವಾಗಿ ಠರಾವ್ ಆತು, ನಿಮ್ಮ ಹುಡುಗ್ರ ಕೆಲಸ ಉಳೀತು ಅಂತ ಇಟ್ಕೋರಿ. ಆಗ ನೀವು ಇನ್ನೊಂದು ಕಂಪನಿಗೆ ಜಾಗ ಕೊಡ್ತೀರೇನು?

ಜಮಖಂಡಿ ಕೇಬಲ್

ಕೊಡ್ತೀನ್ರಿ ಅಕ್ಕಾರ. ಆದ್ರ ಇವತ್ತು ನಾ ಕೊಡ್ತೀನಂದ್ರೂ ಕೊಡಾಕ ಬರೂದಿಲ್ಲ, ಅದನ್ನ ಯಾರೂ ಇಲ್ಲಿ ಬರೀಲಿಲ್ಲ.

ನನ್ನ ಹತ್ರ ಇಂಟರ್ನೆಟ್ ಲೈಸೆನ್ಸ್ ಇಲ್ಲ. ನಾ ಕಂಪನಿಯ ಫ್ರಾಂಚೈಸಿ. ವೈರು ನಂದು. ಗಿರಾಕಿ ಯೂಸರ್ ಐಡಿ ಅವರದು. ಮನ್ಯಾಗ ಫೈಬರ್ ಬಂದು ಕೂಡೋ ಓಎನ್‌ಯು ಡಬ್ಬಿ ಅವರದು, ಬ್ಯಾರೆ ಕಂಪನಿಗೆ ನಡೀದಂಗ ಲಾಕ್ ಮಾಡಿರ್ತಾರ. ಕರಾರಿನಾಗ ಬರದಾರ: ಈ ಲೈನಿನ ಮ್ಯಾಲೆ ಬ್ಯಾರೆ ಕಂಪನಿ ಸೇವೆ ಕೊಡಬಾರದು, ಕರಾರು ಬಿಟ್ಟ ಮ್ಯಾಲೂ ಇಷ್ಟು ದಿನ ಕೊಡಬಾರದು. ರೊಕ್ಕಾ ಮೊದಲ ಅವರ ಆ್ಯಪಿಗೆ ಹೋಗಿ ನನ್ನ ಪಾಲು ಆಮ್ಯಾಲೆ ಬರ್ತೈತಿ. ಪಾಲು ಎಷ್ಟು ಅನ್ನೋದನ್ನ ಅವರು ಹೊಸಾ ಪ್ಲಾನ್ ತಂದಾಗೊಮ್ಮೆ ಬದಲಿ ಮಾಡ್ತಾರ. ಮ್ಯಾಲಿನ ಬ್ಯಾಂಡ್‌ವಿಡ್ತ್ ಹೆಚ್ಚು ಮಾಡ್ರಿ ಅಂತ ನಾನೂ ಬೇಡ್ಕೋತೀನಿ. ಅಕ್ಕಾರು ಆಪರೇಟರ್‌ಗೆ ಬೈತಾರ, ಆಪರೇಟರ್ ಕೂಡ ಅವರಷ್ಟೇ ಕಟ್ಟಿ ಬಿದ್ದಾನ.

ಟಿವಿದಾಗ ಹಿಂಗಿಲ್ಲ. ಅಲ್ಲಿ ನಮಗ ಚಾನಲ್ ಕೊಡೋ ದೊಡ್ಡ ಕೇಬಲ್ ಕಂಪನಿಗೂ (ಎಂಎಸ್‌ಓ) ನಮಗೂ ಹೊಂದಾಣಿಕಿ ಆಗದಿದ್ರ ನೆಟ್‌ವರ್ಕ್ ಶುಲ್ಕಾ 55ಕ್ಕ 45 ಹಂಚ್ಕೋಬೇಕು ಅಂತ ಟ್ರಾಯ್ 2017ರ ನಿಯಮದಾಗ ಬರದೈತಿ. 45 ನಮಗ ಸಾಕಾಗ್ತೈತೋ ಇಲ್ಲೋ ಬ್ಯಾರೆ ಮಾತು, ಆದ್ರ ತೋರಸಾಕ ಒಂದು ಅಂಕಿ ಐತಿ, ಮಾದರಿ ಕರಾರು ಐತಿ. ಅದೇ ಕಂಬದ ಮ್ಯಾಲೆ, ಅದೇ ಗಿರಾಕಿಗೆ ಹೋಗೋ ನೆಟ್ಟಿಗೆ ಅಂಥಾದ್ದೇನೂ ಇಲ್ಲ.

ಕಾನೂನು ಓದಾಕಿ

ಕಾಕಾ, ನೀವು ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ಈವರೆಗೆ ನಾವೆಲ್ಲ ವೈರಿನ ಮಾಲೀಕನೇ ತಡೆಯುವವನು ಎಂದು ಇಟ್ಟುಕೊಂಡು ವಾದ ಮಾಡುತ್ತಿದ್ದೆವು. ಅಮೆರಿಕ, ಕೆನಡಾದಲ್ಲಿ ವೈರೂ ಸೇವೆಯೂ ಒಂದೇ ದೊಡ್ಡ ಕಂಪನಿಯ ಕೈಯಲ್ಲಿವೆ, ಅಲ್ಲಿನ ಕಾನೂನು ಆ ಕಂಪನಿಯನ್ನು ಒಡೆಯಲು ನೋಡಿತು. ನಮ್ಮ ಊರುಗಳಲ್ಲಿ ಅವು ಆಗಲೇ ಎರಡು ಕೈಯಲ್ಲಿವೆ, ಕರಾರಿನ ಒಂದು ಸಾಲು ಅವೆರಡನ್ನೂ ಕಟ್ಟಿಹಾಕಿದೆ. ಹಾಗಿದ್ದರೆ ಇಲ್ಲಿ ಮೊದಲು ರದ್ದಾಗಬೇಕಾದದ್ದು ಆ ಸಾಲು. ಆಪರೇಟರ್‌ಗೆ "ಎಲ್ಲರಿಗೂ ಕೊಡು" ಎಂದು ಆದೇಶ ಮಾಡುವ ಮೊದಲು, ಕಂಪನಿಗೆ "ಆಪರೇಟರ್‌ನ ಕೈ ಕಟ್ಟಬೇಡ" ಎಂದು ಆದೇಶ ಆಗಬೇಕು.

ಗೋಕಾಕದ ನೆಟ್‌ವರ್ಕ್ ಎಂಜಿನಿಯರ್

ಒಪ್ತೀನಿ, ಅರ್ಧಾ. ಕರಾರಿನ ಆ ಸಾಲು ರದ್ದಾದ್ರೂ ದೊಡ್ಡ ಕಂಪನಿಗಳು ಜಮಖಂಡಿಯಂಥ ಊರಿಗೆ ಕಾಕಾರ ಓಎಲ್‌ಟಿ ಮ್ಯಾಲೆ ಬರ್ತಾವಂತ ನನಗ ಅನಸೂದಿಲ್ಲ. ಅವಕ್ಕ ತಮ್ಮದೇ ಡಬ್ಬಿ, ತಮ್ಮದೇ ಫೈಬರ್ ಬೇಕು. ಬರೋರು ಸಣ್ಣವ್ರು, ಜಿಲ್ಲಾ ಮಟ್ಟದ ಸಿ ವರ್ಗದ ಇಂಟರ್ನೆಟ್ ಲೈಸೆನ್ಸಿನವ್ರು. ನಾಕಾರು ಆಪರೇಟರ್ ಕೂಡಿ ಆ ಲೈಸೆನ್ಸ್ ತಾವೇ ತಗೋಬಹುದು. ಆಗ ಹುಬ್ಬಳ್ಳಿಂದ ಇಲ್ಲಾ ಬೆಳಗಾವಿಂದ ಬ್ಯಾಂಡ್‌ವಿಡ್ತ್ ಇಬ್ಬರು ಮೂವರ ಕಡಿ ಕೊಂಡ್ರ ಒಬ್ಬರದು ಕಟ್ ಆದ್ರ ಇನ್ನೊಬ್ಬರದು ನಡೀತೈತಿ. ಕಾಕಾರ ಕೈಯಾಗ ವೈರೂ ಸೇವೆನೂ ಎರಡೂ ಬಂದಾಗ ಅವರು ಮತ್ತೊಬ್ಬರಿಗೆ ಜಾಗ ಕೊಡ್ತಾರೋ ಇಲ್ಲೋ ಅನ್ನೋ ಪ್ರಶ್ನೆ ಮಾತ್ರ ಮತ್ತ ಏಳ್ತೈತಿ. ಅದಕ್ಕ ಅಕ್ಕಾರ "ಕಡ್ಡಾಯ" ಬಿಡಾಕ ನನಗ ಮನಸಿಲ್ಲ. ಲೈಸೆನ್ಸ್ ತಗೊಂಡಾಂವ ಎಷ್ಟು ಸಣ್ಣಾಂವ ಇದ್ರೂ ದರಪಟ್ಟಿ ಎಲ್ಲಾರಿಗೂ ಕಾಣೋ ಹಂಗ ಹಾಕಬೇಕು.

ಜಮಖಂಡಿ ಕೇಬಲ್

ದರಪಟ್ಟಿ ಹಾಕ್ತೀನಿ ತಮ್ಮಾ. ಅದರಾಗ ಕಂಬದ ಬಾಡಿಗಿ, ಓಎಲ್‌ಟಿ ಕರೆಂಟು, ಬ್ಯಾಟರಿ, ಹುಡುಗ್ರ ಪಗಾರ, ತಿಂಗಳಿಗೆ ಆಗೋ ಕಟ್ಟಿನ ಖರ್ಚು, ಸಾಲದ ಬಡ್ಡಿ ಎಲ್ಲಾ ಕೂಡಿರ್ತೈತಿ. ಲೈನಿಗೆ ಇಷ್ಟು ಅಂತ ಬರೀತೀನಿ. ಆಮ್ಯಾಲೆ "ಹೆಚ್ಚಾತು" ಅಂತ ಕಂಪನಿ ಅಂದ್ರ ಅದನ್ನ ನೋಡಿ ಹೌದೋ ಅಲ್ಲೋ ಹೇಳೋ ಮೂರನೇಯವರು ಇರಬೇಕು. ಅದು ದಿಲ್ಲ್ಯಾಗ ಬ್ಯಾಡ. ನಾ ಅರ್ಜಿ ಹಿಡ್ಕೊಂಡು ಬಸ್ ಹತ್ತಿ ಹೋಗಿ ಸಂಜಿಗೆ ಮನಿಗೆ ಬರೋ ಅಷ್ಟು ದೂರದಾಗ ಇರಬೇಕು.

ಉದ್ಯಮಬಾಗದಾಂವ

ಕರೆಂಟಿನ ವಿಚಾರಣಾ ಹುಬ್ಬಳ್ಳ್ಯಾಗ ಮಾಡ್ತಾರಲ್ರಿ, ಅದೇ ಥರಾ ಕೇಳಬೇಕು. ನೀವು ಆ ಖರ್ಚಿನ ಪಟ್ಟಿ ಇಲ್ಲೇ ಹಾಕ್ರಿ, ಹೆಸರು ಬ್ಯಾಡ. ಬಾಗಲಕೋಟೆ, ವಿಜಯಪುರದ ಆಪರೇಟರ್ ಯಾರರ ಇದ್ರ ಅವರೂ ಹಾಕ್ಲಿ. ವೀಲಿಂಗ್ ಲೆಕ್ಕಾ ಹೆಂಗ ತಗೀತಾರಂತ ನಮ್ಮ ಸಂಘದಾಗ ನೋಡಿದವ್ರು ಅದಾರ, ಅದೇ ಪದ್ಧತ್ಯಾಗ ಕೂಡಿಸಿ ನೋಡೋಣ. ಟ್ರಾಯ್ ಮುಂದಿನ ಸಲ ಸಮಾಲೋಚನಾ ಪತ್ರ ಹಾಕಿದಾಗ ಕಳಸಾಕ ಕೈಯಾಗ ಅಂಕಿ ಇರಬೇಕು.

ಬನಹಟ್ಟಿ ಮಗ್ಗ

ಆ ಪಟ್ಟ್ಯಾಗ ತಕರಾರು ಹೇಳಿದ ಮ್ಯಾಲೆ ಎಷ್ಟು ತಾಸಿನ್ಯಾಗ ಬರ್ತೀರಿ ಅನ್ನೋದೂ ಬರೀರಿ ಕಾಕಾರ. ಬರದಿದ್ರ ಎಷ್ಟು ರೊಕ್ಕಾ ಮುರಕೋಬೇಕು ಅನ್ನೋದೂ.

ಜಮಖಂಡಿ ಕೇಬಲ್

ಬರೀತೀನ್ರಿ. ತಪ್ಪು ಲೈನಿಂದಾದ್ರ ನಂದು ಮುರೀರಿ, ಮ್ಯಾಲಿಂದಾದ್ರ ಕಂಪನಿದು ಮುರೀರಿ. ಯಾವುದು ಅಂತ ತೋರಸೋ ಅಳತಿ ಗೋಕಾಕದ ತಮ್ಮ ಹಾಕಿಕೊಡ್ಲಿ.